ಮೋರಿಯ ಮೂಗು

ತುಂಬೆಕಟ್ಟೆಯ ಮೋರಿಗಳಿಗೆ ಮೂಗು ಬಂದ ಮೇಲೆ ಊರಿನ ಮನುಷ್ಯರ ಮೂಗಿಗೆ ಕೆಲಸವೇ ಉಳಿಯಲಿಲ್ಲ. ಅಂಥಿಂಥ ಮೂಗೇ ಅದು? ಮೈಸೂರಿನಲ್ಲಿ ಯಾವನಾದರೂ ಬಾಟಲಿಯ ಮುಚ್ಚಳ ತಿರುಗಿಸಿದರೆ ಅದು ತುಂಬೆಕಟ್ಟೆಯಲ್ಲಿ ಸೀನುತ್ತಿತ್ತಂತೆ. ಜನರ ಮಾತಿನಲ್ಲಿ ಮುಕ್ಕಾಲು ಪಾಲು ಕಳೆದುಬಿಡಿ. ಮಿಕ್ಕ ಕಾಲು ಪಾಲಿನ ಹತ್ತಿರಕ್ಕೂ ಪ್ರಪಂಚದ ಬೇರೆ ಯಾವ ಊರಿನ ಯಂತ್ರವೂ ಸುಳಿಯಲಾರದು.

ಮೂಗು ಬರುವ ಮೊದಲು ಊರು ಹೇಗಿತ್ತೆಂದರೆ, ಸಂಜೆಯಾದರೆ ದೀಪದ ಕಂಬಗಳೂ ವಾಲಿಕೊಂಡು ನಿಲ್ಲುತ್ತಿದ್ದವು. ಗಂಡಸರು ತಮ್ಮ ಮನೆ ಯಾವುದೆಂದು ತಿಳಿಯದೆ ಪಕ್ಕದ ಕೊಟ್ಟಿಗೆಯ ಹಸುವನ್ನು ಊಟಕ್ಕೆ ಬಡಿಸೆಂದು ಗದರಿಸುತ್ತಿದ್ದರು. ಕಾಲೇಜಿನ ಹುಡುಗರು ಅದೇನೋ ಮಾತ್ರೆ ನುಂಗಿ, ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯನ್ನು ಬಾಳೆಎಲೆಯೆಂದು ತಿಳಿದು ನೀರು ಚಿಮುಕಿಸಿದ್ದರು. ಊರೆಲ್ಲ ನಕ್ಕಿತು. ಮರುವರ್ಷ ಆ ಹುಡುಗರಲ್ಲಿ ಇಬ್ಬರು ಪರೀಕ್ಷೆಗೂ ಇರಲಿಲ್ಲ, ಭೂಮಿಯ ಮೇಲೂ ಇರಲಿಲ್ಲ. ಆಗ ಊರಿನ ಹೆಂಗಸರು ಪೊರಕೆ ಹಿಡಿದು ಪುರಸಭೆಯ ಮುಂದೆ ಕೂತರು. ಪೊರಕೆಗೆ ಹೆದರಿದ ಪುರಸಭೆ ಮೂಗನ್ನು ತರಿಸಿತು.

ಮೊದಲ ವರ್ಷ ಬೀದಿಗೊಂದು ಮೂಗು. ಆ ಬೀದಿಯ ಮೋರಿಯಲ್ಲಿ ಹರಿಯುವುದನ್ನು ಮೂಸಿ ಅದು ಹಸಿರು, ಹಳದಿ, ಕೆಂಪು ಎಂದು ಹೇಳುತ್ತಿತ್ತು. ಬಣ್ಣಗಳನ್ನು ಗಡಿಯಾರದ ಕಂಬದ ಹತ್ತಿರ ದೊಡ್ಡ ಫಲಕದಲ್ಲಿ ಹಾಕುತ್ತಿದ್ದರು. ಹೆಣ್ಣು ಕೊಡುವವರು ಜಾತಕ ಕೇಳುವ ಮೊದಲು ಗಂಡಿನ ಬೀದಿಯ ಬಣ್ಣ ಕೇಳತೊಡಗಿದರು. ಕುಡಿದವರು ನಸುಕಿನಲ್ಲೇ ಚೊಂಬು ಹಿಡಿದು ಕಾಲುವೆ ಏರಿಗೆ ನಡೆದರು. ನಂಟರ ಮನೆಗೆ ಹೋಗಿ, ಕಾಫಿ ಕುಡಿದು, ಅಲ್ಲೇ ಹಗುರಾಗಿ ಬರುವವರೂ ಹುಟ್ಟಿಕೊಂಡರು. ಒಡಹುಟ್ಟಿದ ಅಣ್ಣ ಬಂದರೂ ತಮ್ಮನಾದವನು ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತು, "ಕಾಫಿ ಬೇಕಾರೆ ಇನ್ನೊಂದ್ ಲೋಟ ಕುಡಿ ಕಣಣ್ಣ, ಅದೊಂದ್ ಮಾತ್ರ ಕೇಳ್ಬೇಡ," ಎನ್ನುವ ಕಾಲ ಬಂತು.

ಹಾಗಾಗಿ ಎರಡನೇ ವರ್ಷ ಮನೆಗೊಂದು ಮೂಗು ಇಟ್ಟರು. ಮನೆಯಿಂದ ಹೊರಬರುವ ಕೊಳವೆಯ ಬಾಯಲ್ಲಿ ಕೂರುವ ಅದು ಅಂಗಿಯ ಗುಂಡಿಗಿಂತ ದೊಡ್ಡದಲ್ಲ. ಮನೆಯ ಬಣ್ಣ ಊರಿನ ಫಲಕಕ್ಕೆ ಹೋಗುತ್ತಿರಲಿಲ್ಲ. ಪುರಸಭೆಯ ಮಹಡಿಯ ನಿಯಂತ್ರಣ ಕೊಠಡಿಯಲ್ಲಿ, ಗೋಡೆ ತುಂಬ ಮನೆಗೊಂದರಂತೆ ಉರಿಯುವ ದೀಪಗಳಲ್ಲಿ ಮಾತ್ರ ಕಾಣುತ್ತಿತ್ತು. ನಾಲ್ಕು ವಾರ ಬಿಡದೆ ಕೆಂಪು ಉರಿದರೆ ಆ ಮನೆಗೆ ಜೀಪು. ಕುಡಿಯುವವರು ಯಾರೋ ಅವರು ಆರು ತಿಂಗಳು ಸುಧಾರಣಾ ಗೃಹಕ್ಕೆ.

ಆ ಗೋಡೆಯ ಮುಂದೆ ಹಗಲೆಲ್ಲ ಕೂತು ದೀಪ ನೋಡುವ ಕೆಲಸ ಜಯಶೀಲಳದು. ಅವಳ ಕಣ್ಣು ಎಂಥದೆಂದರೆ, ಯಾರ ಮನೆಯ ದೀಪ ಕೂದಲೆಳೆಯಷ್ಟು ಕಂದಿದರೂ ಅವರ ಮನೆಯಲ್ಲಿ ಮಧ್ಯಾಹ್ನ ಏನು ಸಾರು ಎಂದು ಹೇಳಿಬಿಡುತ್ತಿದ್ದಳು. ಅಂಥ ಕಣ್ಣಿನ ಎದುರಿಗೆ, ಮೂಗು ಕೂರಿಸಿದ ದಿನದಿಂದ ಮೂರನೇ ವಾರವೂ ಕೆಂಪಗೆ ಉರಿಯುತ್ತಿದ್ದುದು ಕುಂಬಾರ ಬೀದಿಯ ಹನ್ನೊಂದನೇ ಮನೆಯ ದೀಪ. ಅದು ಅವಳದೇ ಮನೆ.

"ಯಂತ್ರ ಕೆಟ್ಟಿರಬೋದಾ ಸಾರ್?" ಎಂದು ಅವಳು ಎಂಜಿನಿಯರ್ ಫಣಿರಾಜರನ್ನು ಕೇಳಿದಳು.

ಮೂಗನ್ನು ಊರಿಗೆ ತಂದವರೇ ಅವರು. ಹೆತ್ತ ಮಗುವನ್ನು ಬೈದರೂ ಸಹಿಸಿಯಾರು, ಮೂಗನ್ನು ಅಂದರೆ ಸಹಿಸರು. "ನೋಡೀಮ್ಮಾ, ಮೋರಿಗೆ ಒಂದು ಪೀಪಾಯಿ ಬ್ರಾಂಡಿ ಸುರಿದ್ರೂ ನಮ್ಮ ಮೂಗು ಕ್ಯಾರೇ ಅನ್ನಲ್ಲ. ಅದು ಮನುಷ್ಯನ ಹೊಟ್ಟೆಗೆ ಹೋಗಬೇಕು, ಯಕೃತ್ತು ಅದನ್ನ ಅರೆದು, ತನ್ನ ಮೊಹರು ಒತ್ತಿ ಹೊರಗೆ ಕಳಿಸಬೇಕು. ಆ ಮೊಹರು ಕಂಡ್ರೆ ಮಾತ್ರ ದೀಪ ಕೆಂಪಾಗೋದು. ಕುಡಿದವರು ಇಲ್ದೆ ಮೊಹರು ಎಲ್ಲಿಂದ ಬರುತ್ತೆ?" ಎಂದು, ಅವಳ ಮುಖ ನೋಡಿ ದನಿ ಇಳಿಸಿದರು. "ನಿಮ್ಮ ಯಜಮಾನ್ರು... ಮೊದಲು ತಗೊಳ್ತಿದ್ರಲ್ವಾ?"

ತಗೊಳ್ಳುತ್ತಿದ್ದರೇ! ಜಯಶೀಲಳ ಗಂಡ ಮರಿಸ್ವಾಮಿ ಕುಡಿಯುತ್ತಿದ್ದ ಕಾಲದಲ್ಲಿ ಸಮುದ್ರಗಳು ಅವನನ್ನು ಕಂಡರೆ ಹಿಂದಕ್ಕೆ ಸರಿಯುತ್ತಿದ್ದವು. ಅವನ ಕಸುಬು ಮದುವೆಮನೆಗಳಿಗೆ ಶಾಮಿಯಾನ ಹಾಕುವುದು. ಒಮ್ಮೆ ಅಮಲಿನಲ್ಲಿ ಬಿಗಿದ ಶಾಮಿಯಾನ ಧಾರೆಯ ಹೊತ್ತಿಗೆ ಸರಿಯಾಗಿ ಕುಸಿದು, ಗಂಡು, ಹೆಣ್ಣು, ಪುರೋಹಿತರು ಮೂವರೂ ಬಟ್ಟೆಯೊಳಗೆ ಸಿಕ್ಕಿಕೊಂಡರು. ತಾಳಿ ಯಾರ ಕೊರಳಿಗೆ ಬಿತ್ತೆಂಬ ವಿವಾದ ಇನ್ನೂ ತೀರಿಲ್ಲ. ಊರಿಗೆ ಅದು ತಮಾಷೆ. ಮನೆಯಲ್ಲಿ ಮಾತ್ರ ಅಪ್ಪನ ಚಪ್ಪಲಿಯ ಸದ್ದು ಕೇಳಿದರೆ ಮಗಳು ಮಂಚದ ಕೆಳಗೆ ನುಗ್ಗುತ್ತಿದ್ದಳು. ಜಯಶೀಲ ಮಗಳನ್ನು ಕರೆದುಕೊಂಡು ತೌರಿಗೆ ಹೋದ ಮೇಲೆಯೇ ಅವನು ಆಸ್ಪತ್ರೆ ಸೇರಿ, ಕುಡಿತ ಬಿಟ್ಟು, ಅರ್ಧ ಮನುಷ್ಯನಾಗಿ ಹಿಂದಿರುಗಿದ್ದು.

ಅಂದು ಇಬ್ಬರೂ ಮಗಳ ತಲೆ ಮುಟ್ಟಿ ಆಣೆ ಮಾಡಿದ್ದರು. ಅವನು ಕುಡಿಯಬಾರದು. ಅವಳು 'ಕುಡಿದಿದ್ದೀರಾ?' ಎಂದು ಕೇಳಬಾರದು. ದಿನಾ ಕೇಳಿಸಿಕೊಳ್ಳುವವನಿಗೆ ಕುಡಿಯದಿದ್ದರೂ ಕುಡಿದಷ್ಟೇ ಅವಮಾನ ಎಂದು ಆಸ್ಪತ್ರೆಯವರು ತಿಳಿಹೇಳಿದ್ದರು. ಎರಡು ವರ್ಷ ಅವನೂ ಕುಡಿಯಲಿಲ್ಲ, ಅವಳೂ ಕೇಳಲಿಲ್ಲ. ಮಗಳು ಹಾಸನದ ಹಾಸ್ಟೆಲಿನಿಂದ ರಜೆಗೆ ಬಂದರೆ ಅಪ್ಪನ ಬೆನ್ನ ಹಿಂದೆಯೇ ಕೂತು ಬೈಕಿನಲ್ಲಿ ಊರು ಸುತ್ತುತ್ತಿದ್ದಳು. ಈಗ ಇನ್ನೊಂದು ವಾರ ಕೆಂಪು ಉರಿದರೆ ಜೀಪು ಬಂದು ಅವನನ್ನು ಒಯ್ಯುತ್ತದೆ. ಮಗಳು ಮತ್ತೆ ಮಂಚದ ಕೆಳಗಿನ ಮಗಳಾಗುತ್ತಾಳೆ.

ಕೇಳುವಂತಿಲ್ಲ, ಹಾಗಾಗಿ ಜಯಶೀಲ ಅನುಮಾನ ಪಟ್ಟಳು. ಅನುಮಾನವೆಂದರೆ ಎಂಥ ಅನುಮಾನ! ಗಂಡನ ಅಂಗಿಯನ್ನು ಒಗೆಯುವ ಮೊದಲು ಏಳು ಸಲ ಮೂಸುತ್ತಿದ್ದಳು. ಊಟವಾದ ಮೇಲೆ ಅವನು ಲವಂಗ ಅಗಿದರೆ, ಯಾವ ವಾಸನೆ ಮುಚ್ಚಲು ಈ ಲವಂಗ? ಅಗಿಯದಿದ್ದರೆ, ಇವತ್ತು ಯಾಕೆ ಅಗಿಯಲಿಲ್ಲ? ಅವನು ನಕ್ಕರೆ ಅಮಲು, ಸುಮ್ಮನಿದ್ದರೆ ಇಳಿದ ಅಮಲು. ದೀಪದ ಕೆಂಪು ವಾರದಿಂದ ವಾರಕ್ಕೆ ಒಂದಿಷ್ಟೇ ತಿಳಿಯಾಗುತ್ತಿರುವುದನ್ನೂ ಆ ಕಣ್ಣು ಗುರುತಿಸಿತ್ತು. ಕಳ್ಳ, ಮೂಗಿಗೆ ಹೆದರಿ ಅಳತೆ ಕಡಿಮೆ ಮಾಡಿಕೊಂಡಿದ್ದಾನೆ ಎಂದು ತೀರ್ಮಾನಿಸಿದಳು.

ಮನೆಯಲ್ಲಿ ಇನ್ನೊಬ್ಬರಿದ್ದರು, ಅತ್ತೆ ಚಿಕ್ಕತಾಯಮ್ಮ. ಪೊರಕೆ ಚಳವಳಿಯಲ್ಲಿ ಮುಂದಿನ ಸಾಲಿನ ಪೊರಕೆ ಅವರದೇ. ಅವರು ಉಗಿದರೆ ಬ್ರಾಂಡಿ ಅಂಗಡಿಯ ಬೋರ್ಡಿನ ಬಣ್ಣ ಏಳುತ್ತಿತ್ತು. ಮಂಡಿನೋವಿನಿಂದ ಮನೆ ಬಿಟ್ಟು ಕದಲದಿದ್ದರೂ ಬಾಯಿ ಮಾತ್ರ ಊರೆಲ್ಲ ನಡೆದಾಡಿ ಬರುತ್ತಿತ್ತು.

"ಮೂತಿ ಯಾಕ್ ಹಿಂಗ್ ಮಾಡ್ಕಂಡಿದ್ದೀಯವ್ವ?" ಎಂದು ಅವರೇ ಒಂದು ಸಂಜೆ ಸೊಸೆಯನ್ನು ಕೇಳಿದರು. "ನನ್ ಮಗ ಏನಾರ ಮತ್ತೆ ಸುರು ಹಚ್ಕಂಡ್ನಾ?"

"ನಾನೇನೂ ಅನ್ನಲಿಲ್ಲ ಅತ್ತೆ."

"ನೀ ಅನ್ಬೇಡ, ನಾ ಅಂತೀನಿ. ನಾಯಿ ಬಾಲ ಕಣವ್ವ ಅದು. ಅವನಪ್ಪನ್ನ ಕಂಡಿವ್ನಿ, ಇವನ್ನೂ ಕಂಡಿವ್ನಿ. ಒಂದ್ ತೊಟ್ಟು ನಾಲಗೆ ಮೇಲೆ ಬಿದ್ರೆ ಮುಗೀತು." ಹೇಳಿ, ಎದೆಯ ಮೇಲೆ ಕೈಯಾಡಿಸಿಕೊಂಡರು. "ಆ ಮದ್ದಿನ್ ಲೋಟ ಇತ್ಲಾಗ್ ಕೊಡು. ಮಾತಾಡಿ ಮಾತಾಡಿ ಗ್ಯಾಸ್ ಹತ್ಕತು."

ಆ ಮುದುಕಿಗೆ ಇದ್ದ ಕಾಯಿಲೆಗಳಿಂದ ಒಂದು ಜಿಲ್ಲಾಸ್ಪತ್ರೆ ನಡೆಸಬಹುದಾಗಿತ್ತು. ಮಂಡಿಗೊಂದು, ವಾಯುವಿಗೊಂದು, ನಿದ್ದೆಗೊಂದು ಎಂದು ಅಡುಗೆಮನೆಯ ಗೂಡಿನಲ್ಲಿ ಮದ್ದಿನ ಬಾಟಲಿಗಳು ಕವಾಯತು ನಿಂತಿದ್ದವು. ಅಂಗಡಿಯಿಂದ ಅವನ್ನೆಲ್ಲ ತರುತ್ತಿದ್ದವನು ಮರಿಸ್ವಾಮಿ.

ಮಾರನೆಯ ಬೆಳಿಗ್ಗೆ ಜಯಶೀಲ ನೀರು ಸೇದಲು ಹಿತ್ತಲಿಗೆ ಹೋದಾಗ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಗಂಡ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಅಮ್ಮನ ಮದ್ದಿನ ಬಾಟಲಿ. ಪಕ್ಕದಲ್ಲಿ ಇನ್ನೊಂದು ಪಾತ್ರೆ, ಅದರಲ್ಲೂ ಅದೇ ಕಂದು ಬಣ್ಣದ ನೀರು. ಒಂದರಿಂದ ಇನ್ನೊಂದಕ್ಕೆ, ಕಣ್ಣಿನ ಮಟ್ಟಕ್ಕೆ ಎತ್ತಿ ಅಳೆದು ಸುರಿಯುತ್ತಿದ್ದ. ಹೆಂಡತಿಯನ್ನು ಕಂಡವನೇ ಬೆಚ್ಚಿ ಬಾಟಲಿಯನ್ನು ಲುಂಗಿಯೊಳಗೆ ತೂರಿಸಿದ.

"ಏನ್ ಮಾಡ್ತಿದ್ದೀರಿ?"

"ಅವ್ವನ್ ಮದ್ದು... ಗಸಿ ಕಟ್ಟಿತ್ತು. ಸೋಸ್ತಿದ್ದೆ." ಅಷ್ಟು ಹೇಳಿ ಅವಳ ಮುಂದಿನ ಪ್ರಶ್ನೆಗಾಗಿ ಕಾದ. ಅದೊಂದು ಪ್ರಶ್ನೆ ಅವಳ ನಾಲಗೆಯ ತುದಿಯವರೆಗೆ ಬಂದು, ಮಗಳ ತಲೆಯ ನೆನಪಾಗಿ ಹಿಂದಿರುಗಿತು. ಅವಳು ಕೊಡ ತುಂಬಿಸಿಕೊಂಡು ಒಳಗೆ ಹೋದಳು.

ಆ ದಿನವೇ ಅವನು ಕೊಳ್ಳೇಗಾಲದ ಕಡೆಯ ಒಂದು ಮದುವೆಗೆ ಶಾಮಿಯಾನ ಹೇರಿಕೊಂಡು ಹೊರಟ. ಹೋಗುವಾಗ, "ಗೂಡಿನಾಗೆ ಅವ್ವನ್ ಮದ್ದು ಮಡಗಿವ್ನಿ. ನಾ ಬರೋಗಂಟ ಅದೇ ಸಾಕು. ಬ್ಯಾರೆ ತರಬ್ಯಾಡ, ಇರೋದ್ನ ತಪ್ಪಿಸ್ಬ್ಯಾಡ," ಎಂದು ಎರಡೆರಡು ಸಲ ಹೇಳಿದ. ಮದ್ದಿನ ಮೇಲೆ ಈ ಗಂಡಸಿಗೆ ಎಷ್ಟೊಂದು ಮಮತೆ!

ಟೆಂಪೋ ಬೀದಿಯ ತಿರುವು ದಾಟಿದ್ದೇ ತಡ ಜಯಶೀಲ ಗೂಡಿನ ಮುಂದೆ ನಿಂತಳು. ಒಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಬೆಲ್ಲ, ಬೇರು, ಲವಂಗ. ಅವುಗಳ ಬೆನ್ನ ಹಿಂದೆ ಅಡಗಿ ನಿಂತಿತ್ತು, ಹದಿನೈದು ವರ್ಷ ಗಂಡನ ಉಸಿರಿನಲ್ಲಿ ಕುಡಿದು ಅವಳಿಗೆ ಬಾಯಿಪಾಠವಾಗಿದ್ದ ಅದೇ ವಾಸನೆ. ಹೆತ್ತ ತಾಯಿಯ ಮದ್ದಿನ ಬಾಟಲಿಯಲ್ಲಿ ತನ್ನ ಹೆಂಡ ಬಚ್ಚಿಟ್ಟಿದ್ದಾನೆ! ಬಾಟಲಿಗಳನ್ನೆಲ್ಲ ಒಂದೊಂದಾಗಿ ಬಚ್ಚಲಿಗೆ ಸುರಿದಳು. ಯಾವ ಹೊಟ್ಟೆಗೂ ಹೋಗಿರದ ಅದು ಮೂಗಿನ ಮುಂದೆಯೇ ಹರಿದುಹೋಯಿತು; ಮೂಗು ಅಲ್ಲಾಡಲಿಲ್ಲ. ಖಾಲಿ ಬಾಟಲಿಗಳಿಗೆ ಜೀರಿಗೆ ಕುದಿಸಿದ ನೀರಿಗೆ ಬೆಲ್ಲ ಹಾಕಿ ತುಂಬಿಟ್ಟಳು.

"ಮದ್ದು ಯಾಕೋ ಸಪ್ಪೆ ಕಣವ್ವ," ಎಂದರು ಚಿಕ್ಕತಾಯಮ್ಮ.

"ಹೊಸ ಬಾಟಲಿ ಅತ್ತೆ."

ಮಾರನೆಯ ದಿನ ಮುದುಕಿಗೆ ಊಟ ಸೇರಲಿಲ್ಲ. ಕೈಯಲ್ಲಿದ್ದ ಲೋಟ ತಾಳ ಹಾಕಿತು. ಬಿಸಿಲಿನ ಝಳ ಎಂದುಕೊಂಡು ಜಯಶೀಲ ಮಜ್ಜಿಗೆ ಕೊಟ್ಟು ಕೆಲಸಕ್ಕೆ ಹೋದಳು.

ಅದರ ಮಾರನೆಯ ದಿನ ನಿಯಂತ್ರಣ ಕೊಠಡಿಯಲ್ಲಿ ಕುಂಬಾರ ಬೀದಿಯ ಹನ್ನೊಂದನೇ ದೀಪ ಕೆಂಪಿನಿಂದ ಹಳದಿಗೆ ಇಳಿದು, ಅವಳು ನೋಡನೋಡುತ್ತಿದ್ದಂತೆ ಹಸಿರಾಯಿತು. ಫಣಿರಾಜರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಮಹಡಿಯ ಪಾರಿವಾಳಗಳೆಲ್ಲ ಶ್ರೀರಂಗಪಟ್ಟಣಕ್ಕೆ ವಲಸೆ ಹೋದವು.

"ನೋಡಿದ್ರಾ! ಜೀಪು ಬೇಕಾಗ್ಲಿಲ್ಲ, ಏಟು ಬೇಕಾಗ್ಲಿಲ್ಲ. ನಮ್ಮ ಮೂಗಿನ ಹೆದರಿಕೆ ಒಂದೇ ಸಾಕಾಯ್ತು. ಜಯಶೀಲಮ್ಮಾ, ಇವತ್ತು ಜಿಲೇಬಿ ನಿಮ್ಮದೇ!"

ಅವಳಿಗೂ ನಗು ಬಂತು. ಗಂಡ ದೂರದಲ್ಲಿದ್ದಾನೆ, ಹೆಂಡ ಬಚ್ಚಲು ಸೇರಿದೆ, ದೀಪ ಹಸಿರಾಗಿದೆ. ಕಳ್ಳ ಅವನೇ ಎನ್ನಲು ಇನ್ನೇನು ಸಾಕ್ಷಿ ಬೇಕು? ಬಂದ ಕೂಡಲೇ ಏನೂ ಕೇಳದೆ ಬಾಟಲಿಗಳನ್ನು ತೋರಿಸಿಬಿಡುತ್ತೇನೆ ಎಂದುಕೊಂಡು ಜಿಲೇಬಿಯ ಪೊಟ್ಟಣ ಹಿಡಿದು ಮನೆಯ ದಾರಿ ಹಿಡಿದಳು.

ಮನೆಯ ಮುಂದೆ ಬೀದಿಯೇ ಸೇರಿತ್ತು. ನಡುಮನೆಯಲ್ಲಿ ಚಿಕ್ಕತಾಯಮ್ಮ ಬೆವರಿನಲ್ಲಿ ಮಿಂದು, ಸೀರೆಯ ಮೇಲಿಂದ ಕಾಣದ ಏನನ್ನೋ ಕೊಡವುತ್ತಿದ್ದರು. "ಇರ್ವೆ... ಇರ್ವೆ ಕಣ್ರೇ, ಗೋಡೆ ತುಂಬ ಹತ್ತವೆ! ಏಯ್, ನೀ ಯಾಕ್ ಬಂದೆ? ಸತ್ತೋನು ಸತ್ತಂಗಿರು!" ಎಂದು ಹೊಸಲಿನ ಮೇಲೆ ನಿಂತಿದ್ದ ಯಾರನ್ನೋ ಬೈಯುತ್ತಿದ್ದರು. ಹೊಸಲಿನ ಮೇಲೆ ಯಾರೂ ಇರಲಿಲ್ಲ.

"ತೀರ್ಕಂಡ ಯಜಮಾನ್ರು ಬಂದವ್ರೆ ಕಣೇ ಜಯ," ಎಂದಳು ಪಕ್ಕದ ಮನೆಯ ಮಾದಮ್ಮ, ಬೇವಿನ ಸೊಪ್ಪು ಬೀಸುತ್ತಾ. "ಗಾಳಿ ಸೋಕ್ಯದೆ. ಮರಿಸ್ವಾಮಿಗೆ ಫೋನ್ ಮಾಡಿಸಿವ್ನಿ. ಮನೇಲಿ ಕುಡಿತ ಇದ್ರೆ ಇಂಗೇಯ, ಪಿತೃಗಳು ಸುಮ್ಕಿರ್ತಾರಾ?"

ಅಷ್ಟರಲ್ಲಿ ಮುದುಕಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಮೈ ಸೆಟೆಯಿತು. ಬೇವಿನ ಸೊಪ್ಪು ಮಾದಮ್ಮನ ಕೈಯಿಂದ ಬಿತ್ತು. ಜಯಶೀಲ ಆಟೋದವನನ್ನು ಕೂಗಿದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹರೆಯದ ಹೆಣ್ಣುಮಗಳು. ಸೂಜಿ ಚುಚ್ಚಿ ಸೆಳವು ನಿಲ್ಲಿಸಿ, ಕಣ್ಣಿಗೆ ದೀಪ ಬಿಟ್ಟು ನೋಡಿ, ನಡುಗುವ ಬೆರಳುಗಳನ್ನು ಹಿಡಿದು ನೋಡಿದಳು. ಹೊರಗಿನಿಂದ ಮರಿಸ್ವಾಮಿ ಏದುಸಿರು ಬಿಡುತ್ತಾ ಬಂದು ನಿಂತ. ಕೊಳ್ಳೇಗಾಲದಿಂದ ತುಂಬೆಕಟ್ಟೆಗೆ ಅವನು ಟೆಂಪೋ ಓಡಿಸಿದ ಬಿರುಸಿಗೆ ದಾರಿಯ ಹುಣಸೆಮರಗಳೆಲ್ಲ ಎಲೆ ಉದುರಿಸಿದ್ದವಂತೆ.

"ಕುಡಿಯೋ ಅಭ್ಯಾಸ ಇದೆಯಾ?" ಎಂದು ಡಾಕ್ಟರು ಕೇಳಿದಳು.

ಮಾದಮ್ಮ, ಜಯಶೀಲ, ಬಾಗಿಲಿನಲ್ಲಿ ಇಣುಕುತ್ತಿದ್ದ ಅರ್ಧ ಕುಂಬಾರ ಬೀದಿ, ಎಲ್ಲರೂ ಮರಿಸ್ವಾಮಿಯ ಕಡೆ ತಿರುಗಿದರು.

"ಅವರಿಗಲ್ಲ. ಅಜ್ಜಿಗೆ."

ಮಾದಮ್ಮ ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಇಟ್ಟಳು. "ಸಿವಸಿವಾ! ಬ್ರಾಂಡಿ ಅಂಗಡಿಗೆ ಬೀಗ ಜಡಿಸಿದೋರು ಕಣ್ರವ್ವ ಅವರು!"

"ಬೇಗ ಹೇಳಿ. ನನಗೆ ಗೊತ್ತಾಗದೆ ಔಷಧಿ ಕೊಟ್ಟರೆ ಉಳಿಯಲ್ಲ."

ಮರಿಸ್ವಾಮಿ ಅಮ್ಮನ ಮುಖ ನೋಡಿದ, ಮಾದಮ್ಮನ ಮುಖ ನೋಡಿದ, ಕೊನೆಗೆ ಹೆಂಡತಿಯ ಹತ್ತಿರ ಬಂದ. "ಜಯಮ್ಮಿ, ಗೂಡಿನಾಗಿದ್ದ ಮದ್ದು ಕೊಟ್ಯಾ ಅವ್ವಂಗೆ?"

"ಸುರಿದುಬಿಟ್ಟೆ. ಎಲ್ಲಾ."

"ಒಂದ್ ತೊಟ್ಟೂ ಉಳಿಸ್ನಿಲ್ವಾ?" ಎಂದ ಅವನು. ಜಯಶೀಲಳಿಗೆ ಆಣೆ ನೆನಪಾಗಲಿಲ್ಲ, ಮಗಳ ತಲೆಯೂ ನೆನಪಾಗಲಿಲ್ಲ. "ಆ ಬಾಟಲೀಲಿ ಏನಿತ್ತು? ಕುಡೀತಿದ್ದೋರು ಯಾರು?" ಎಂದು, ಎರಡು ವರ್ಷ ನುಂಗಿದ್ದನ್ನೆಲ್ಲ ಒಂದೇ ಸಲ ಕೇಳಿದಳು.

"ಅವ್ವ," ಎಂದ ಮರಿಸ್ವಾಮಿ, ಬೀದಿಗೆಲ್ಲ ಕೇಳುವ ಹಾಗೆ. "ಅರಿಷ್ಟ ಕಣ್ ಡಾಕ್ಟ್ರೇ. ಬಾಣಂತಿ ಮದ್ದು. ನಾ ಹುಟ್ಟಿದಾಗ ಸುರು ಮಾಡಿದ್ದು. ದಿನಕ್ಕೆ ಎರಡು ಬಾಟಲಿ."

ಅರಿಷ್ಟವೆಂದರೆ ಬೇರು ಬೆಲ್ಲಗಳನ್ನು ಗಡಿಗೆಯಲ್ಲಿ ಹುದುಗು ಬರಿಸಿ ಮಾಡುವ ಮದ್ದು. ಹುದುಗು ಬಂದ ಮೇಲೆ ಅದರಲ್ಲಿ ಮದ್ಯ ತಾನಾಗಿ ಹುಟ್ಟುತ್ತದೆ. ಬಾಣಂತಿಗೆ ಎರಡು ಚಮಚ, ನಲವತ್ತು ದಿನ. ಮಗನಿಗೆ ಈಗ ನಲವತ್ತೆರಡು ವರ್ಷ. ಜಗತ್ತಿನ ಇತಿಹಾಸದಲ್ಲೇ ಅಷ್ಟು ಉದ್ದದ ಬಾಣಂತನ ಇನ್ನೊಂದಿರಲಿಲ್ಲ.

"ಇಷ್ಟು ವರ್ಷದ್ದು ಒಂದೇ ಸಲ ನಿಂತುಹೋಗಿದೆ, ಅದಕ್ಕೇ ಈ ಸೆಳವು," ಎಂದು ಡಾಕ್ಟರು ನರ್ಸಿನ ಕಡೆ ತಿರುಗಿ ಅದೇನೇನೋ ಹೇಳತೊಡಗಿದಳು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಗಂಡಹೆಂಡಿರು ಕೂತರು. ಬೀದಿಯವರು ದೂರದಲ್ಲಿ ಗುಸುಗುಸು ನಿಂತಿದ್ದರು.

"ಗೊತ್ತಿತ್ತು ನಿಮಗೆ," ಎಂದಳು ಜಯಶೀಲ.

"ಲೋಟ ಹಿಡಿಯೋ ಕೈ ನೋಡಿದ್ರೆ ಕುಡುಕಂಗೆ ಕುಡುಕ ಗೊತ್ತಾಗಲ್ವಾ? ನಾನು ಬುಟ್ಟ ಮ್ಯಾಲೆ ಕಾಣಿಸ್ತು. ಮುಂಚೆ ನಂಗೆ ನಂದೇ ಕಾಣ್ತಿರ್ನಿಲ್ಲ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿನ್ ಕೆಲಸ ನೀ ಮಾಡ್ಬೇಕಾಯ್ತಿತ್ತು. ಜೀಪು ಅವ್ವನ್ನ ತಕಂಡೋಗದು. ಅಲ್ಲಿ ಮೊದಲ್ನೇ ದಿನವೇ ಒಂದ್ ತೊಟ್ಟೂ ಇಲ್ಲ ಅಂತ ನಿಲ್ಸ್ತಾರಂತೆ. ಹಂಗ್ ಒಂದೇ ಏಟ್ಗೆ ನಿಲ್ಸಿ ಆಸ್ಪತ್ರೇಲಿ ನನ್ ಪಕ್ಕದ್ ಮಂಚಕ್ಕೆ ಬಂದೋನು ಇದೇ ತರ ಇರ್ವೆ ಕೊಡವ್ತಾ ಸತ್ತೋದ. ಅದ್ಕೇ ಮದ್ದಿಗೆ ಬೆಲ್ಲದ್ ಕಷಾಯ ಬೆರೆಸಿ, ವಾರಕ್ ಇಷ್ಟಿಷ್ಟೇ ಇಳಿಸ್ತಿದ್ದೆ. ಅವ್ವಂಗೂ ಗೊತ್ತಿಲ್ಲ."

ತಿಳಿಯಾಗುತ್ತಿದ್ದ ಕೆಂಪು! ಜಯಶೀಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾಲ್ಕನೇ ವಾರ ಬಂದಿದ್ರೆ?"

"ನಾನೇ ಅಂತ ಜೀಪ್ ಹತ್ತುತಿದ್ದೆ. ಯಾರ್ ನಂಬಲ್ಲ? ನೀನೇ ನಂಬಿದ್ದೆ." ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಹಾಗಾಗಿಯೇ ಅವಳಿಗೆ ತಡೆಯಲಾಗಲಿಲ್ಲ. "ಹಿತ್ತಲಾಗೆ ನೀ ಒಂದ್ ಮಾತು ಕೇಳಿದ್ರೆ ಹೇಳ್ಬುಡ್ತಿದ್ದೆ ಕಣಮ್ಮಿ. ಬಾಯ್ ತುದೀಲಿತ್ತು."

ಚಿಕ್ಕತಾಯಮ್ಮ ಉಳಿದರು. ಯಮನ ಕೋಣ ಅವರ ಬಾಯಿಗೆ ಹೆದರಿ ಅರ್ಧ ದಾರಿಯಿಂದ ಹಿಂದಿರುಗಿತೆಂದು ಕುಂಬಾರ ಬೀದಿಯ ನಂಬಿಕೆ. ಡಾಕ್ಟರು ದಿನದಿನಕ್ಕೂ ಇಳಿಸುತ್ತಾ ಮಾತ್ರೆ ಕೊಟ್ಟಳು. ಕಣ್ಣು ತಿಳಿಯಾದ ದಿನ ಮುದುಕಿ ಮಗನನ್ನು ಹತ್ತಿರ ಕರೆದು, "ಏನ್ಲಾ, ನನ್ನ ಕುಡುಕಿ ಅಂತ ಊರ್ ಮುಂದೆ ಸಾರಿದ್ಯಂತೆ? ಅದು ಮದ್ದು ಕಣ್ಲಾ, ಮಂಡಿ ನೋವ್ಗೆ!" ಎಂದರು.

"ನಾನೂ ಮೈಕೈ ನೋವ್ಗೆ ಅಂತಾನೇ ಕುಡೀತಿದ್ದೆ ಕಣವ್ವ," ಎಂದ ಮರಿಸ್ವಾಮಿ.

  ಮುದುಕಿ ಮಗನ ಕೈಯನ್ನು ಹುಡುಕಿ ಹಿಡಿದುಕೊಂಡರು. 

ಜಯಶೀಲ ಮತ್ತೆ ಕೆಲಸಕ್ಕೆ ಹೋದಾಗ ಫಣಿರಾಜರಿಗೆ ಎಲ್ಲವನ್ನೂ ಹೇಳಿದಳು. ಅವರು ಗಲ್ಲ ಸವರಿಕೊಂಡು, "ಅಂದ್ರೆ ನಮ್ಮ ಮೂಗು ಸರಿಯಾಗೇ ಹೇಳಿತ್ತು," ಎಂದರು.

"ಮೂಗು ಹೆಸರು ಹೇಳಿರಲಿಲ್ಲ ಸಾರ್. ಹೆಸರು ಇಟ್ಟೋಳು ನಾನು."

ಅವಳು ತನ್ನ ಕುರ್ಚಿಯಲ್ಲಿ ಕೂತಳು. ಈಗ ಕೆಂಪು ದೀಪಗಳು ಅವಳನ್ನು ಅಷ್ಟಾಗಿ ಕಾಡಲಿಲ್ಲ. ಕೆಂಪು ಉರಿಯುವ ಮನೆಯಲ್ಲಿ ಯಾರೋ ಕುಡಿಯುತ್ತಿದ್ದಾರೆ, ಜಗಳವಾಡುತ್ತಿದ್ದಾರೆ, ಅಂತೂ ಬದುಕಿದ್ದಾರೆ. ಅವಳ ಅನುಮಾನವೆಲ್ಲ ಹಸಿರಿನ ಮೇಲೆ ತಿರುಗಿತು. ಒಂದೊಂದು ಹಸಿರನ್ನೂ, ಇದು ಯಾವಾಗಿನ ಹಸಿರು, ಮೆಲ್ಲಗೆ ಬಂದದ್ದೋ ಧಡಕ್ಕನೆ ಬಂದದ್ದೋ ಎಂದು ದಿಟ್ಟಿಸುತ್ತಾ ಕೂತಳು.

ಹೊತ್ತು ಏರುವಾಗ ಗಾಣಿಗರ ಬೀದಿಯ ಮೂಲೆಮನೆಯ ದೀಪ, ವಾರಗಟ್ಟಲೆ ನೆತ್ತರಿನಂತೆ ಉರಿಯುತ್ತಿದ್ದದ್ದು, ಹಳದಿಗೆ ಹೊರಳಿ ಹಸಿರಾಯಿತು.

"ಇನ್ನೊಂದು!" ಎಂದು ಫಣಿರಾಜರು ಚಪ್ಪಾಳೆ ತಟ್ಟಿದರು. "ಯಾರಪ್ಪಾ ಅಲ್ಲಿ, ಜಿಲೇಬಿ!"

ತಿರುಗಿ ನೋಡಿದರೆ ಕುರ್ಚಿ ಖಾಲಿ. ಜಯಶೀಲ ಮೆಟ್ಟಿಲಿಳಿದು ಬಿಸಿಲಿನಲ್ಲಿ ಓಡುತ್ತಿದ್ದಳು.

ಮೂಲೆಮನೆಯ ಬಾಗಿಲು ತೆರೆದವಳು ಹಣೆ ತುಂಬ ಕುಂಕುಮ ಇಟ್ಟುಕೊಂಡು ನಗುತ್ತಿದ್ದಳು. ಪುರಸಭೆಯ ಬಿಲ್ಲೆ ಕಂಡು ಅವಳ ನಗು ಇನ್ನೂ ಅಗಲವಾಯಿತು. "ಹಸಿರಾಯ್ತಾ ಅಕ್ಕಾ? ಆಗ್ಲೇಬೇಕು! ಜೀಪು ಬತ್ತದೆ ಅಂತ ಎದೆ ಹೊಡ್ಕತಿತ್ತು. ಮೊನ್ನೆ ನಮ್ಮೆಜಮಾನ್ರನ್ನ ರೂಮಿಗೆ ನೂಕಿ ಬೀಗ ಜಡಿದ್ಬುಟ್ಟೆ. ಒಂದ್ ತೊಟ್ಟು ಕೊಟ್ಟಿಲ್ಲ. ಮೊದಮೊದಲು ಕೂಗಾಡ್ತಿದ್ರು, ಬೆಳಿಗ್ಗೆಯಿಂದ ಸದ್ದೇ ಇಲ್ಲ."

"ಬೀಗದ ಕೈ ಎಲ್ಲಿ ತಾಯಿ?" ಎಂದು ಜಯಶೀಲ ಕೈ ಚಾಚಿದಳು.